ಇಳಿಯದ ಶ್ರುತಿ

ಕಳೆದ ಶನಿವಾರ ಕೆಳಗಿನ ಮನೆಯವರು ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಷಿಕಾಗೋದ ನಮ್ಮ ಕಟ್ಟಡದಲ್ಲಿ ಅವರದು ಕೆಳಮಹಡಿ. ಎಪ್ಪತ್ತು ದಾಟಿದ ವಯಸ್ಸು. ಜಾಝ್ ತಂಡಗಳಲ್ಲಿ ಡಬಲ್ ಬಾಸ್ ನುಡಿಸಿದವರು. ನೋಡಲು ದೊಡ್ಡ ಪಿಟೀಲಿನಂತೆ, ಆದರೆ ಆಳೆತ್ತರದ ವಾದ್ಯ. ತಬ್ಬಿಕೊಂಡೇ ನುಡಿಸಬೇಕು. ಅವರು ಶ್ರುತಿ ಮಾಡುವುದನ್ನು ನೋಡಲೆಂದೇ ನನ್ನ ಮಗಳು ಅಲ್ಲಿಗೆ ಓಡುತ್ತಾಳೆ. ಆವತ್ತು ನಾನೂ ಹೋಗಿದ್ದೆ.

ನಾಲ್ಕು ತಂತಿ. ಒಂದನ್ನು ಷಡ್ಜ, ಅಂದರೆ 'ಸ' ಅಂದುಕೊಂಡರೆ ಮುಂದಿನದು ಶುದ್ಧ ಮಧ್ಯಮ, 'ಮ'. ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಷ್ಟೇ. ಅಷ್ಟು ಕೆಳಗೆ ಸ್ವರ ಸರಿಯಿದೆಯೋ ಇಲ್ಲವೋ ಕಿವಿಗೆ ಬೇಗ ಗೊತ್ತಾಗಲ್ಲ. ಅದಕ್ಕೇ ಅವರು ತಂತಿಯನ್ನು ಒತ್ತುವುದಿಲ್ಲ. ಅದರ ಉದ್ದದ ಕಾಲು ಭಾಗದಲ್ಲಿ ಬೆರಳು ಸುಮ್ನೆ ತಾಕಿಸಿ ಮೀಟುತ್ತಾರೆ. ಎರಡು ಸ್ಥಾಯಿ ಮೇಲಿನ ಷಡ್ಜ ಸಣ್ಣಗೆ ಏಳುತ್ತದೆ. ಪಕ್ಕದ ತಂತಿಯನ್ನು ಮೂರನೇ ಒಂದು ಭಾಗದಲ್ಲಿ ತಾಕಿಸಿದರೆ ಅದೇ ಸ್ವರ ಬರಬೇಕು. ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಎರಡೂ ಸೇರಿ ವಾಂವ್ ವಾಂವ್ ಅಂತ ಅಲೆಯುತ್ತವೆ. ಅವರು ತಂತಿ ಬಿಗಿಸುವ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಅಲೆ ನಿಧಾನವಾಯಿತು. ಇನ್ನೂ ನಿಧಾನ. ಆಮೇಲೆ ನಿಂತೇಹೋಯಿತು. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ಮರ ಕುಗ್ಗುತ್ತದೆ, ಶ್ರುತಿ ನಿಲ್ಲಲ್ಲ. ಬಿರುಕು ಬಿಡದಿರಲೆಂದು ವಾದ್ಯದ ಹೊಟ್ಟೆಯೊಳಗೆ ಒದ್ದೆ ಸ್ಪಂಜಿನ ಕೊಳವೆ ಇಳಿಬಿಟ್ಟಿರುತ್ತಾರೆ. ಮಗುವಿನ ಮೈ ಕಾಯುವ ಹಾಗೆ.

ಮಗಳು ನನ್ನ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ತೋರಿಸಿದಳು. "ನಮ್ಮದು ಇಳಿಯೋದೇ ಇಲ್ಲ" ಎಂದಳು, ಹೆಮ್ಮೆಯಿಂದ. ಅವರು ಕಣ್ಣು ಮುಚ್ಚಿ ಕೇಳಿದರು. ತುಂಬಾ ಚೆನ್ನಾಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಹಾಗಾದರೆ ಇಳಿದ ಶ್ರುತಿ ಹೇಗಿರುತ್ತೆ ಅಂತ ಇವಳಿಗೆ ಗೊತ್ತಾಗೋದು ಹೇಗೆ?"

ಮೈಸೂರಿನ ಮನೆಯಲ್ಲಿ ಅಜ್ಜಿ ಪಾಠಕ್ಕೆ ಮೊದಲು ತಂಬೂರಿ ಹಿಡಿದು ಕೂರುತ್ತಿದ್ದರು. ಮೊದಲು ಬಿರಡೆ. ಆಮೇಲೆ ಶ್ರುತಿಯನ್ನು ಚೂರುಚೂರೇ ಸರಿಮಾಡುವ ಮಣಿ. ಕೊನೆಗೆ ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಹೊರುವ ಪೀಠದ ಮೇಲೆ, ತಂತಿಯಡಿಯ ನೂಲು. ನೂಲು ಸರಿಯಾದ ಜಾಗಕ್ಕೆ ಬಂದ ತಕ್ಷಣ ತಂತಿ ಝೇಂ ಅನ್ನುತ್ತಿತ್ತು. "ಈಗ ಸೇರ್ತಾ?" ಅಂತ ನಮ್ಮನ್ನೇ ಕೇಳುತ್ತಿದ್ದರು. ನಾವು ಹೇಳುವವರೆಗೂ ಪಾಠ ಶುರುವಿಲ್ಲ.

ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದ ಜಿ. ರಾಜ್ ನಾರಾಯಣ್ ಬೆಂಗಳೂರಿನವರು. ಆ ಹೆಮ್ಮೆ ನನಗಿದೆ. ದೂರದೂರಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಅದು ದೊಡ್ಡ ಉಪಕಾರ. ಆದರೆ ಊರಲ್ಲಿ ಮನೆಯಲ್ಲೇ ತಂಬೂರಿ ಇಟ್ಟುಕೊಂಡು ಅದನ್ನು ಮುಟ್ಟದೇ ಇರ್ತೀವಲ್ಲ, ಅದು ತಪ್ಪು. ನಮ್ಮನೆಯದೂ ಅಜ್ಜಿ ಹೋದ ಮೇಲೆ ಗವಸಿನಿಂದ ಹೊರಬಂದಿರಲಿಲ್ಲ.

ಅಂದು ರಾತ್ರಿ ತಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಗವಸು ತೆಗೆಸಿದೆ. ಎಲ್ಲಕ್ಕಿಂತ ಕೆಳಗಿನ ಸ್ವರದ ಮಂದ್ರದ ತಂತಿ ಕಿಲುಬು ಹಿಡಿದು ತುಂಡಾಗಿತ್ತು. ಉಳಿದ ಮೂರು ಇದ್ದವು. ಒಂದೇ ಸ್ವರಕ್ಕೆ ಸೇರಬೇಕಾದ ನಡುವಿನ ಎರಡನ್ನು ತಮ್ಮ ಒಂದಾದ ಮೇಲೊಂದು ಮೀಟಿದ.

"ಎರಡನೇದು ಇಳಿದಿದೆ ಅಮ್ಮ" ಎಂದಳು ಮಗಳು, ಪಕ್ಕದಿಂದ.

ತಮ್ಮ ಬಿರಡೆಗೆ ಕೈ ಹಾಕಿದ. "ಯಾವ ಕಡೆಗೆ ತಿರುಗಿಸ್ಲಿ, ಅಕ್ಕ?"