ಗುಜರಿ ಎಂಜಿನ್ ಆರಿಸೋದು ಹೇಗೆ: ಆಲ್ಟೋ, 800, ವ್ಯಾಗನ್‌ಆರ್ ಇಟ್ಟುಕೊಂಡವರಿಗೆ

ಹಳೇ ಆಲ್ಟೋ ನೀಲಿ ಹೊಗೆ ಬಿಡ್ತಾ ಆಯಿಲ್ ಕುಡಿಯೋಕೆ ಶುರು ಮಾಡಿದರೆ ತಕ್ಷಣ ಗುಜರಿ ಕಡೆ ಓಡಬೇಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ದಪ್ಪ ಹೊಗೆ ಬಂದು ನಿಂತುಹೋಗ್ತಿದ್ದರೆ ಅದು ಬಹುತೇಕ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯಿಂದ ಆಯಿಲ್ ಒಳಗೆ ಇಳಿಯದ ಹಾಗೆ ತಡೆಯೋ ರಬ್ಬರು). ಸಣ್ಣ ಖರ್ಚಿನಲ್ಲಿ ಮುಗಿಯುತ್ತೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗೆಲ್ಲ ಹೊಗೆ ಬರ್ತಿದ್ದರೆ, ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಅಲ್ಲಿಂದಲೂ ಬುಸಬುಸ ಅಂತ ಗಾಳಿ ಹೊಡೀತಿದ್ದರೆ, ಅಂದರೆ ಗ್ಯಾರೇಜಿನವರು ಹೇಳೋ ಬ್ಯಾಕ್ ಕಂಪ್ರೆಷನ್ ಇದ್ದರೆ, ಪಿಸ್ಟನ್ನಿನ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಗೋಡೆ) ಸವೆದಿದೆ. ಬ್ಲಾಕ್, ಕ್ರ್ಯಾಂಕ್ ಚೆನ್ನಾಗಿದ್ದು ಇಷ್ಟೇ ತೊಂದರೆ ಅಂದ್ರೆ ದಾವಣಗೆರೆಯಲ್ಲೇ ಒಳ್ಳೆ ಲೇತಿನಲ್ಲಿ ಬೋರ್ ಮಾಡಿಸಿ (ಆ ಗೋಡೆ ಕೊರೆದು ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸೋದು ನನ್ನ ಪ್ರಕಾರ ಜಾಣತನ. ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಬಂದಿದೆ, ಕ್ರ್ಯಾಂಕ್ ಸೀಜ್ ಆಗಿದೆ, ಹೆಡ್ ಬಿರುಕು ಬಿಟ್ಟಿದೆ, ಇಂಥ ಕಡೆ ಗುಜರಿ ಎಂಜಿನ್‌ಗೆ ಅರ್ಥ ಇದೆ.

ಅಲ್ಲಿ ಬೆಲೆ ಕೇಳೋ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ: ಈ ಗಾಡಿ ಗುಜರಿಗೆ ಬಂದಿದ್ದು ಯಾಕೆ? ಎಂಜಿನ್ ಆಯ್ಕೆಯ ಅರ್ಧ ಕೆಲಸ ಈ ಉತ್ತರದಲ್ಲೇ ಮುಗಿಯುತ್ತೆ. ಹೆದ್ದಾರಿ 48ರಲ್ಲಿ ಹಿಂದಿನಿಂದ ಲಾರಿ ಗುದ್ದಿ ಹಿಂದಿನ ಡಿಕ್ಕಿ ನೆಗ್ಗಿ ಒಳಗೆ ಹೋದ ಗಾಡಿ ಸಿಕ್ಕರೆ ಅದೇ ಬಂಗಾರ, ಯಾಕಂದ್ರೆ ಗುದ್ದೋ ಕ್ಷಣದವರೆಗೂ ಆ ಎಂಜಿನ್ ಓಡ್ತಾ ಇತ್ತು. ಮುಂದಿನಿಂದ ಗುದ್ದಿದ ಗಾಡಿಯಲ್ಲಿ ಹುಷಾರು: ರೇಡಿಯೇಟರ್ ಒಡೆದ ಮೇಲೂ ಎಂಜಿನ್ ಓಡಿರಬಹುದು, ಕ್ರ್ಯಾಂಕ್ ಪುಲ್ಲಿ ಬಗ್ಗಿರಬಹುದು, ಫೌಂಡೇಷನ್ (ಎಂಜಿನ್ನನ್ನು ಬಾಡಿಗೆ ಹಿಡಿದಿಡೋ ರಬ್ಬರ್ ಕಟ್ಟು) ಕೂರೋ ಕಿವಿ ಮುರಿದಿರಬಹುದು. ಏಟೇನೂ ಇಲ್ಲದೆ, ಬಾಡಿ ಚೆನ್ನಾಗಿದ್ದೂ ಗುಜರಿ ಸೇರಿದ ಗಾಡಿ ಅಂದ್ರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಕೈಕೊಟ್ಟಿದ್ದರಿಂದಲೇ ಬಂದಿದೆ ಅಂದುಕೊಂಡು ನೋಡಿ. ಕಿಲೋಮೀಟರ್ ಮೀಟರನ್ನು ನಂಬಬೇಡಿ. ಅದಕ್ಕಿಂತ ಕ್ಲಚ್ ಪೆಡಲಿನ ರಬ್ಬರು, ಸ್ಟೇರಿಂಗಿನ ಸವೆತ ಹೆಚ್ಚು ನಿಜ ಹೇಳ್ತವೆ. ಆದ್ದರಿಂದ ಆದಷ್ಟೂ ಇನ್ನೂ ಗಾಡಿಯಲ್ಲೇ ಕೂತಿರೋ ಎಂಜಿನ್ ಹುಡುಕಿ, ಬಿಚ್ಚಿ ರಾಶಿ ಹಾಕಿದ್ದರಲ್ಲಿ ಆರಿಸಬೇಡಿ.

ಇನ್ನು ಯಾವುದಕ್ಕೆ ಯಾವುದು. ಹಳೇ ಆಲ್ಟೋ, ಆಲ್ಟೋ 800, 12 ವಾಲ್ವಿನ ಮಾರುತಿ 800, ಇವುಗಳಲ್ಲಿ ಇರೋದು ಎಫ್8ಡಿ, 796 ಸಿಸಿ, ಮೂರು ಸಿಲಿಂಡರ್, ಟೈಮಿಂಗ್ ಬೆಲ್ಟಿನದು. ಹಳೇ ವ್ಯಾಗನ್‌ಆರ್‌ನ ಎಫ್10ಡಿ 1061 ಸಿಸಿ, ನಾಲ್ಕು ಸಿಲಿಂಡರ್. ಎರಡರದ್ದೂ ಬೋರಿನ ಅಗಲ 68.5 ಎಂಎಂ, ಸ್ಟ್ರೋಕ್ (ಪಿಸ್ಟನ್ ಏರಿಳಿಯೋ ದೂರ) 72 ಎಂಎಂ. ಒಂದು ಸಿಲಿಂಡರ್ ಜಾಸ್ತಿ ಅಷ್ಟೆ. 2010ರಲ್ಲಿ ಆಲ್ಟೋ ಕೆ10ಗೆ, ವ್ಯಾಗನ್‌ಆರ್‌ಗೆ ಬಂದ ಕೆ10ಬಿ ಬೇರೆಯದೇ ಕುಟುಂಬ: 998 ಸಿಸಿ, ಮೂರು ಸಿಲಿಂಡರ್, ಟೈಮಿಂಗ್ ಚೈನು. ಹಳೇ ಆಲ್ಟೋಗೆ ಕೆ10 ಎಂಜಿನ್ ಕೂರಿಸೋ ಆಸೆ ಬಹಳ ಜನಕ್ಕೆ ಇದೆ. ಆದರೆ ಅದಕ್ಕೆ ಫೌಂಡೇಷನ್, ಗೇರ್‌ಬಾಕ್ಸ್, ಆಕ್ಸೆಲ್, ಪೂರ್ತಿ ವೈರಿಂಗ್, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್), ಕೀಗೆ ಹೊಂದಿಕೊಂಡ ಇಮೊಬಿಲೈಸರ್ (ಕಳವು ತಡೆಯೋ ಸಾಧನ) ಎಲ್ಲ ಬದಲಾಗಬೇಕು, ಆರ್‌ಸಿಯಲ್ಲಿ ಸಿಸಿಯೂ ಬದಲಾಗಬೇಕು. ಕಡಿಮೆ ಖರ್ಚಿನ ಕೆಲಸ ಅಂತ ಹೊರಟವರಿಗೆ ಇದು ದಾರಿಯಲ್ಲ. ಓಮ್ನಿ ಎಂಜಿನ್ನೂ 796 ಸಿಸಿಯೇ, ಆದರೆ ಅದು ಸೀಟಿನ ಕೆಳಗೆ ಉದ್ದಕ್ಕೆ ಕೂರುತ್ತೆ, 800ರದ್ದು ಅಡ್ಡಕ್ಕೆ. ಆಯಿಲ್ ಚೇಂಬರ್ (ಕೆಳಗಿನ ಆಯಿಲ್ ತೊಟ್ಟಿ), ಮ್ಯಾನಿಫೋಲ್ಡ್ (ಗಾಳಿ, ಹೊಗೆಯ ಕೊಳವೆ), ಫೌಂಡೇಷನ್ ಎಲ್ಲ ಬೇರೆ. ‘ಅದೇ ಎಂಜಿನ್ ಸಾರ್, ಕೂರುತ್ತೆ’ ಅಂದ್ರೆ ನಂಬಬೇಡಿ.

ಒಂದೇ ಎಫ್8ಡಿ ಅಂದರೂ ಹೊಗೆ ನಿಯಮದ ಪ್ರಕಾರ ಬಿಎಸ್3 ಗಾಡಿಯದ್ದು, ಬಿಎಸ್4 ಗಾಡಿಯದ್ದು ಅಂತ ಸೆನ್ಸರ್, ವೈರಿನ ಪ್ಲಗ್‌ಪಾಯಿಂಟ್‌ಗಳಲ್ಲಿ ವ್ಯತ್ಯಾಸ ಇರುತ್ತೆ. ನಿಮ್ಮ ಗಾಡಿಯ ಎಂಜಿನ್ನಿನ ನಾಲ್ಕೂ ಕಡೆಯಿಂದ ಮೊಬೈಲಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಗುಜರಿಯಲ್ಲಿ ನಿಂತು ಎರಡನ್ನೂ ಪಕ್ಕಪಕ್ಕ ಹೋಲಿಸಿದರೆ ಒಂದು ಸೆನ್ಸರಿನ ತೂತು ಇಲ್ಲ ಅನ್ನೋದೂ ಗೊತ್ತಾಗುತ್ತೆ.

ನಮ್ಮ ಕಡೆ ಎಂಜಿನ್ ಸಾಯೋದಕ್ಕೆ ದೊಡ್ಡ ಕಾರಣ ನೀರು. ಕೂಲೆಂಟ್ ಹಾಕೋ ಬದಲು ಬೋರ್‌ವೆಲ್ ನೀರು ತುಂಬಿಸಿ ಓಡಿಸೋ ಅಭ್ಯಾಸ ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಸುತ್ತಮುತ್ತ ಎಲ್ಲಾ ಕಡೆ ಇದೆ. ಆ ಗಡಸು ನೀರು ಪಾತ್ರೆಯಲ್ಲಿ ಕಟ್ಟೋ ಹಾಗೇ ಎಂಜಿನ್ನಿನ ಒಳಗೂ ಬಿಳಿ ಪದರ ಕಟ್ಟುತ್ತೆ, ಅಲ್ಯೂಮಿನಿಯಂ ಹೆಡ್ಡನ್ನು ತಿನ್ನುತ್ತೆ. ಥರ್ಮೋಸ್ಟ್ಯಾಟ್ (ಬಿಸಿ ನೋಡಿ ನೀರು ಬಿಡೋ ವಾಲ್ವ್) ಕವರಿನ ಎರಡು ಬೋಲ್ಟ್ ಬಿಚ್ಚಿಸಿ ಒಳಗೆ ಬೆರಳು ಹಾಕಿ ನೋಡಿ. ಹಸಿರೋ ಕೆಂಪೋ ಕೂಲೆಂಟಿನ ಜಿಡ್ಡು ಅಂಟಿದರೆ ಒಳ್ಳೆ ಲಕ್ಷಣ. ತುಕ್ಕಿನ ಕೆಸರು ಬಂದರೆ, ಸುಣ್ಣದ ಚಕ್ಕೆ ಉಗುರಿಗೆ ಸಿಕ್ಕರೆ, ಹೋಸ್ ಕೂರೋ ಅಲ್ಯೂಮಿನಿಯಂ ಮೂತಿ ಗೆದ್ದಲು ತಿಂದ ಮರದ ಹಾಗೆ ಗುಳಿಗುಳಿ ಆಗಿದ್ದರೆ ಆ ಎಂಜಿನ್ ಬಿಟ್ಟುಬಿಡಿ. ಹೆಡ್ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಹಾಳೆ) ಕೂರೋ ಜಾಗದಲ್ಲೂ ಅದೇ ಗುಳಿ ಇರುತ್ತೆ, ಫೇಸಿಂಗ್ ಮಾಡಿಸಿದರೂ, ಅಂದರೆ ಹೆಡ್ಡಿನ ತಳ ಸಮ ಮಾಡಿಸಿದರೂ, ಹೋಗಲ್ಲ. ಅಲ್ಲಿ ಥರ್ಮೋಸ್ಟ್ಯಾಟೇ ಇಲ್ಲದಿದ್ದರೆ ಯಾರೋ ಮೊದಲೇ ಹೀಟಿಂಗ್ ತೊಂದರೆ ಅಂತ ಅದನ್ನು ಕಿತ್ತುಹಾಕಿದ್ದಾರೆ ಅಂತ ಅರ್ಥ. ಬ್ಲಾಕಿನ ಪಕ್ಕದಲ್ಲಿರೋ ದುಂಡನೆಯ ತಗಡಿನ ಬಿರಡೆಗಳಿಂದ ತುಕ್ಕಿನ ಗೆರೆ ಇಳಿದಿದೆಯಾ ನೋಡಿ.

ಎರಡನೇ ಶತ್ರು ಧೂಳು. ಭೀಮಸಮುದ್ರ, ಹೊಳಲ್ಕೆರೆ ಕಡೆ ಅದಿರಿನ ಲಾರಿಗಳ ಹಿಂದೆ ಓಡಿದ ಗಾಡಿಯ ಏರ್ ಫಿಲ್ಟರ್ ಸರಿಯಿಲ್ಲದಿದ್ದರೆ ಬೋರು ಸಾಣೆ ಹಿಡಿದ ಹಾಗೆ ಸವೆಯುತ್ತೆ. ಏರ್ ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ, ಥ್ರಾಟಲ್ ಬಾಡಿಯ ಬಾಯಲ್ಲಿ ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಧೂಳು ಬಂದರೆ ಅದು ಸಿಲಿಂಡರಿಗೂ ಹೋಗಿದೆ. ಗ್ಯಾಸ್ ಕಿಟ್ ಹಾಕಿದ್ದ ಗಾಡಿಯದ್ದಾದರೆ ಟ್ಯಾಪೆಟ್ (ವಾಲ್ವ್ ಒತ್ತೋ ತುಂಡು) ಕವರ್ ತೆಗೆಸಿ ಕ್ಲಿಯರೆನ್ಸ್, ಅಂದರೆ ಅದರ ಸಂದು, ನೋಡಲೇಬೇಕು. ಗ್ಯಾಸಿನಲ್ಲಿ ವಾಲ್ವ್ ಸೀಟು ಒಳಕ್ಕೆ ಇಳಿಯುತ್ತಾ ಹೋಗುತ್ತೆ, ಎಕ್ಸಾಸ್ಟ್ ಟ್ಯಾಪೆಟ್ಟಿನ ಸಂದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ ಆಗಿರುತ್ತೆ.

ಈಗ ಪರೀಕ್ಷೆ. ಮೊದಲು ಪ್ಲಗ್ ಎಲ್ಲವನ್ನೂ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಚಹಾಪುಡಿ ಬಣ್ಣ ಇದ್ದರೆ ಸರಿ. ಒಂದರಲ್ಲಿ ಮಾತ್ರ ಆಯಿಲ್ ಜಿಡ್ಡು ಇದ್ದರೆ ಆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೀಲ್. ಉಳಿದವು ಕಪ್ಪಾಗಿದ್ದು ಒಂದು ಮಾತ್ರ ತೊಳೆದ ಹಾಗೆ ಹೊಸದಾಗಿ ಕಂಡರೆ ಖುಷಿಪಡಬೇಡಿ; ಅಲ್ಲಿಗೆ ನೀರು ನುಗ್ಗಿ ಹಬೆಯಲ್ಲಿ ಪ್ಲಗ್ ತೊಳೆದುಹೋಗಿದೆ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಓಡೋ ದಿಕ್ಕಿನಲ್ಲೇ ಎರಡು ಸುತ್ತು ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗ್ತಿರಬಹುದು. ಫ್ಲೈವೀಲನ್ನು ದೊಡ್ಡ ಸ್ಕ್ರೂಡ್ರೈವರ್‌ನಿಂದ ಹಿಂದಕ್ಕೂ ಮುಂದಕ್ಕೂ ಮೀಟಿ ನೋಡಿ. ಟಕ್ ಟಕ್ ಅಂತ ಕಣ್ಣಿಗೆ ಕಾಣೋಷ್ಟು ಆಡಿದರೆ ಕ್ರ್ಯಾಂಕ್ ಹಿಂದೆ ಮುಂದೆ ಜಾರದ ಹಾಗೆ ತಡೆಯೋ ಥ್ರಸ್ಟ್ ವಾಷರ್ ಹೋಗಿದೆ.

ಕಂಪ್ರೆಷನ್ ಗೇಜ್ (ಸಿಲಿಂಡರಿನ ಒಳಗಿನ ಒತ್ತಡ ಅಳೆಯೋ ಮೀಟರ್) ಬಾಡಿಗೆಗೋ ಕೈಬದಲಿಗೋ ತಗೊಂಡೇ ಹೋಗಿ. ಸೆಲ್ಫ್ ಮೋಟರ್ ಕೂರೋದಕ್ಕೆ ಗೇರ್‌ಬಾಕ್ಸ್ ಬೇಕಾಗುತ್ತೆ, ಹಾಗಾಗಿ ‘ಅಣ್ಣಾ, ಗೇರ್‌ಬಾಕ್ಸ್ ಬಿಚ್ಚೋ ಮುಂಚೆ ಒಂದ್ಸಲ ಸೆಲ್ಫ್ ಹೊಡೆದು ತೋರಿಸಿ’ ಅಂತ ಮೊದಲೇ ಹೇಳಿಡಿ. ಪೂರ್ತಿ ಚಾರ್ಜ್ ಇರೋ ಬ್ಯಾಟರಿ, ಎಲ್ಲಾ ಪ್ಲಗ್ ಹೊರಗೆ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಷನ್ ಕಳಚಿ, ಥ್ರಾಟಲ್ ಪೂರ್ತಿ ತೆರೆದು, ಒಂದೊಂದು ಸಿಲಿಂಡರಿಗೂ ಗೇಜ್ ಹಾಕಿ ಮುಳ್ಳು ಐದಾರು ಸಲ ಏರೋವರೆಗೆ ಸೆಲ್ಫ್ ಹೊಡೆಯಿರಿ. ಥ್ರಾಟಲ್ ಮುಚ್ಚಿದ್ದರೆ ಒಳ್ಳೆ ಎಂಜಿನ್ನೂ ಸತ್ತ ಹಾಗೆ ಕಾಣುತ್ತೆ. ಬಹಳ ಜನ ಮಾಡೋ ತಪ್ಪು ಇದೇ. ತಣ್ಣಗಿರೋ ಎಂಜಿನ್ನಿನಲ್ಲಿ 160 ಪಿಎಸ್‌ಐ ಮೇಲೆ ಬಂದರೆ ತಗೊಳ್ಳಬಹುದು, 140ಕ್ಕಿಂತ ಕೆಳಗೆ ಬಂದರೆ ಬೇಡ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 700 ಮೀಟರಿಗಿಂತ ಮೇಲಿದೆ. ಇಲ್ಲಿಯ ಗಾಳಿಗೆ ರೀಡಿಂಗ್ ಮಂಗಳೂರಿನಲ್ಲಿ ಬರೋದಕ್ಕಿಂತ ಏಳೆಂಟು ಪರ್ಸೆಂಟ್ ಕಡಿಮೆಯೇ ಬರುತ್ತೆ. ಅದಕ್ಕೇ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅದು 14 ಪಿಎಸ್‌ಐ, ಅಂದ್ರೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ದಾಟಬಾರದು. 150, 152, 148 ತೋರಿಸೋ ಎಂಜಿನ್ನನ್ನು ನಾನು 175, 172, 135 ತೋರಿಸೋದಕ್ಕಿಂತ ಮೊದಲು ಆರಿಸ್ತೀನಿ.

ಒಂದರಲ್ಲಿ ಕಮ್ಮಿ ಬಂದರೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡರಲ್ಲೂ ಕಮ್ಮಿ ಇದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಸೆಲ್ಫ್ ಹೊಡೆಯೋಕೆ ಆಗದಿದ್ದರೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು: ಎರಡೂ ಬಗೆಯ ವಾಲ್ವ್ ಮುಚ್ಚಿ ಪಿಸ್ಟನ್ ಮೇಲಿರೋ ಹಾಗೆ ನಿಲ್ಲಿಸಿ, ಕ್ರ್ಯಾಂಕ್ ತಿರುಗದ ಹಾಗೆ ಹಿಡಿದು, ಪ್ಲಗ್ ತೂತಿನಿಂದ ಗಾಳಿ ಬಿಡಿ. ಸೈಲೆನ್ಸರ್ ಕಡೆಯಿಂದ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಕಡೆಯಿಂದ ಬಂದರೆ ಇನ್‌ಲೆಟ್, ಆಯಿಲ್ ಗೇಜಿನ ತೂತಿನಿಂದ ಜೋರಾಗಿ ಬಂದರೆ ರಿಂಗ್. ನೀರಿನ ದಾರಿಯಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು.

ಮೊಬೈಲಿಗೆ ಸಿಕ್ಕಿಸೋ ಸಣ್ಣ ಪೈಪ್ ಕ್ಯಾಮರಾ ಇದ್ದರೆ ಪ್ಲಗ್ ತೂತಿನಿಂದ ಒಳಗೆ ಇಳಿಸಿ. ಬೋರಿನ ಗೋಡೆಯಲ್ಲಿ ಅಡ್ಡಡ್ಡ ಸಣ್ಣ ಗೆರೆಗಳ ಜಾಲ ಇನ್ನೂ ಕಂಡರೆ ಸವೆತ ಕಮ್ಮಿ. ಮೇಲಿನಿಂದ ಕೆಳಕ್ಕೆ ಉದ್ದನೆ ಗೀರು ಕಂಡರೆ ಬೇಡ. ಪಿಸ್ಟನ್ ತಲೆಯ ಮೇಲೆ ಮಸಿ ಕಮ್ಮಿ ಇರೋ ಕಡೆ 0.50 ಅನ್ನೋ ಅಚ್ಚು ಕಂಡರೆ ಆ ಎಂಜಿನ್ ಆಗಲೇ ಕೊನೆಯ ಸೈಜಿಗೆ ಬೋರ್ ಆಗಿದೆ, ಇನ್ನೊಂದು ಸಲ ಮಾಡಿಸೋಕೆ ಜಾಗ ಇಲ್ಲ. ಮಳೆಯಲ್ಲಿ ಬಯಲಲ್ಲಿ ಬಿದ್ದ ಎಂಜಿನ್ ಆದರೆ ಮ್ಯಾನಿಫೋಲ್ಡ್ ಬಾಯಿ, ಪ್ಲಗ್ ತೂತು ಮುಚ್ಚಿಟ್ಟಿದ್ದಾರಾ ನೋಡಿ. ತೆರೆದಿಟ್ಟ ತೂತುಗಳಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುತ್ತೆ. ಗೊತ್ತಿಲ್ಲದೆ ಸೆಲ್ಫ್ ಹೊಡೆದರೆ ಆ ಮಣ್ಣೆಲ್ಲ ಬೋರಿಗೆ ಹೋಗುತ್ತೆ.

ಆಯಿಲ್ ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿ. ಮುಚ್ಚಳದ ಒಳಗೆ ಹಾಲಿನ ಕೆನೆ ಥರ ಇದ್ದರೆ ನೀರು ಸೇರಿದೆ. ಆಯಿಲಿನಲ್ಲಿ ಮಿನುಗೋ ಪುಡಿ ಇದ್ದು ಅದು ಮ್ಯಾಗ್ನೆಟ್ಟಿಗೆ ಅಂಟದಿದ್ದರೆ ಬೇರಿಂಗಿನ ಪುಡಿ, ಅಂಥದ್ದು ಬೇಡ. ಆಯಿಲ್ ಚೇಂಬರ್ ಕೆಳಗೆ ನೆಗ್ಗಿದೆಯಾ ಅಂತಲೂ ನೋಡಿ. ಎಂಜಿನ್ನನ್ನು ಚೇಂಬರ್ ಮೇಲೆ ನೆಲಕ್ಕೆ ಕುಕ್ಕರಿಸಿದರೆ ತಗಡು ಒಳಕ್ಕೆ ಹೋಗಿ ಸ್ಟ್ರೇನರ್ (ಆಯಿಲ್ ಎಳೆಯೋ ಜಾಲರಿ) ಬಾಯಿ ಮುಚ್ಚುತ್ತೆ. ಹೊರಗಿನಿಂದ ಸಣ್ಣ ನೆಗ್ಗು, ಒಳಗೆ ಆಯಿಲ್ ಪ್ರೆಶರ್ ಇಲ್ಲ, ಕೆಲವೇ ದಿನದಲ್ಲಿ ಬೇರಿಂಗ್ ಹೋಗುತ್ತೆ. ಅದಕ್ಕೇ ಸಾಗಿಸುವಾಗ ಹಳೇ ಟೈರಿನ ಮೇಲೆ ನೆಟ್ಟಗೆ ಕೂರಿಸಿ, ಹಗ್ಗ ಕಟ್ಟಿ ತನ್ನಿ.

ಕಾಗದದ ವಿಷಯ ಹಗುರವಾಗಿ ತಗೋಬೇಡಿ. ಬ್ಲಾಕ್ ಮೇಲಿನ ನಂಬರ್ ಉಜ್ಜಿದ, ಗ್ರೈಂಡರ್ ಹೊಡೆದ ಎಂಜಿನ್ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಎಂಜಿನ್ ನಂಬರ್ ಬರೆದ ಬಿಲ್, ಆ ಗಾಡಿಯ ಆರ್‌ಸಿ ನಕಲು ಕೇಳಿ ತಗೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸೋಕೆ ಆರ್‌ಟಿಒ ಅನುಮತಿ ಮೊದಲೇ ಬೇಕು, ಬದಲಿಸಿದ 14 ದಿನದೊಳಗೆ ಆರ್‌ಸಿಯಲ್ಲಿ ನಮೂದಿಗೆ ಕೊಡಬೇಕು. ಚಿತ್ರದುರ್ಗದ ಕೆಎ-16 ಆಗಲಿ ದಾವಣಗೆರೆಯ ಕೆಎ-17 ಆಗಲಿ ನಿಯಮ ಒಂದೇ. ಗಾಡಿ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರ ಬರಹದ ಒಪ್ಪಿಗೆಯೂ ಬೇಕು. ಇನ್ಶೂರೆನ್ಸ್ ಕಂಪನಿಗೂ ಹೊಸ ನಂಬರ್ ತಿಳಿಸಿ. ಇಲ್ಲದಿದ್ದರೆ ಮುಂದೆ ಕ್ಲೈಮ್ ಹೊತ್ತಿಗೆ ನಂಬರ್ ತಾಳೆಯಾಗಲ್ಲ.

ವ್ಯಾಪಾರ ಕುದುರಿಸುವಾಗ ಬೆಲೆ ಇಳಿಸೋದಕ್ಕಿಂತ ಸಾಮಾನು ಸೇರಿಸಿಕೊಳ್ಳೋದು ಲಾಭ. ಸೆನ್ಸರುಗಳು, ಇಂಜೆಕ್ಟರ್ ರೈಲ್, ಥ್ರಾಟಲ್ ಬಾಡಿ, ಆಲ್ಟರ್ನೇಟರ್, ಫೌಂಡೇಷನ್ ಬ್ರ್ಯಾಕೆಟ್ ಎಲ್ಲ ಒಟ್ಟಿಗೇ ತಗೊಳ್ಳಿ. ಕೂರಿಸಿ ಓಡಿಸಿ ನೋಡೋಕೆ ಒಂದು ವಾರ, ತೊಂದರೆ ಬಂದರೆ ಬದಲಿ ಎಂಜಿನ್ ಅಂತ ಬಿಲ್ ಮೇಲೆ ಬರೆಸಿ.

ಕೂರಿಸೋ ಮುಂಚೆ, ಎಂಜಿನ್ ಹೊರಗಿರುವಾಗಲೇ ಬದಲಿಸಬೇಕಾದ್ದು: ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟ್ಯಾಟ್, ಕ್ರ್ಯಾಂಕಿನ ಹಿಂದು-ಮುಂದಿನ ಆಯಿಲ್ ಸೀಲ್, ಕ್ಯಾಮ್ ಸೀಲ್, ಚೇಂಬರ್ ಬಿಚ್ಚಿ ಸ್ಟ್ರೇನರ್ ತೊಳೆಯೋದು. ಹಿಂದಿನ ಸೀಲ್ ಉಳಿಸೋಕೆ ಹೋದರೆ ಅದು ಸೋರಿ ಹೊಸ ಕ್ಲಚ್ ಪ್ಲೇಟ್ ಹಾಳಾಗುತ್ತೆ, ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಹೆಡ್ ಬಿಚ್ಚಿದರೆ ಸ್ಟ್ರೇಟ್ ಎಡ್ಜ್ ಇಟ್ಟು ನೋಡಿ, 0.05 ಎಂಎಂ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಒಳಗೆ ನುಗ್ಗಿದರೆ ಫೇಸಿಂಗ್ ಬೇಕು. ಗೇರ್‌ಬಾಕ್ಸ್ ಸೇರೋ ಕಡೆ ಎರಡು ಡೋವೆಲ್ ಪಿನ್ (ಎರಡನ್ನೂ ನೇರ ಕೂರಿಸೋ ಗೂಟ) ಇವೆಯಾ ನೋಡಿ. ಹಳೇ ಎಂಜಿನ್ನಿನಲ್ಲೇ ಅವು ಉಳಿದುಹೋಗಿರುತ್ತವೆ. ಅವಿಲ್ಲದೆ ಬೋಲ್ಟ್ ಬಿಗಿದರೆ ಗೇರ್‌ಬಾಕ್ಸ್ ಕೂದಲೆಳೆಯಷ್ಟು ಓರೆಯಾಗಿ ಕೂತು ಕ್ಲಚ್ ನಡುಗುತ್ತೆ. ಬಾಡಿ ಅರ್ತ್ ವೈರ್ ಮರೆತರೆ ಸೆಲ್ಫಿನ ಕರೆಂಟ್ ಕ್ಲಚ್ ಕೇಬಲ್ಲಿನ ಮೂಲಕ ಹರಿದು ಕೇಬಲ್ ಸುಡುತ್ತೆ.

ಹಳೇ ರೇಡಿಯೇಟರನ್ನು ತೊಳೆಸದೆ ಸೇರಿಸಬೇಡಿ. ಮೊದಲ ಎಂಜಿನ್ ಕೊಂದ ಸುಣ್ಣ ಅದರಲ್ಲೇ ಇದೆ.

ಸ್ಟಾರ್ಟ್ ಮಾಡೋ ಹಿಂದಿನ ರಾತ್ರಿ ಪ್ರತಿ ಪ್ಲಗ್ ತೂತಿಗೆ ಒಂದೊಂದು ಚಮಚ ಆಯಿಲ್ ಹಾಕಿಡಿ. ಬೆಳಿಗ್ಗೆ ಪ್ಲಗ್ ಹಾಕದೆ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಷನ್ ಕಳಚಿಟ್ಟು, ಆಯಿಲ್ ಲೈಟ್ ಆರೋವರೆಗೆ ಹತ್ತು ಹತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಮುಚ್ಚಳ ತೆರೆದೇ ಇಟ್ಟು ಗುಳ್ಳೆ ನಿಲ್ಲೋವರೆಗೆ ಕೂಲೆಂಟ್ ತುಂಬುತ್ತಾ ಇರಿ. ಹೀಟರಿನಿಂದ ತಣ್ಣನೆ ಗಾಳಿಯೇ ಬರ್ತಿದ್ದರೆ ಇನ್ನೂ ಏರ್ ಲಾಕ್ ಇದೆ, ಅಂದರೆ ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಆಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಾನಾಗಿ ತಿರುಗಿ ನಿಲ್ಲೋದನ್ನು ನೋಡೋವರೆಗೆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತೆಗೆಯಬೇಡಿ. 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಿಸಿ. ಹಳೇ ಫಿಲ್ಟರನ್ನು ಬಿಸಾಡೋ ಮುಂಚೆ ಕತ್ತರಿಸಿ, ಕಾಗದದ ಮಡಿಕೆಗಳಲ್ಲಿ ಏನು ಸಿಕ್ಕಿದೆ ಅಂತ ಬಿಡಿಸಿ ನೋಡಿ.