ಬೀರುವಿನಲ್ಲಿದ್ದ ಕಿವಿ

ಶಿವಮೊಗ್ಗದಲ್ಲಿ ನಾನು ಸ್ಪೀಚ್ ಥೆರಪಿಸ್ಟ್. ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸುವಂತೆ ಮಾಡಲು ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಆದ ಮಕ್ಕಳ ಮನೆಯವರು ಪಕ್ಕದ ಕುರ್ಚಿಯ ಮಗುವನ್ನು ನೋಡಿ ಕೇಳುತ್ತಾರೆ, "ಅವಳು ಅಷ್ಟು ಮಾತಾಡ್ತಾಳೆ, ನಮ್ಮವನು ಯಾಕಿಲ್ಲ?"

ಓದಿದ ಉತ್ತರ ಬಾಯಲ್ಲೇ ಇರುತ್ತದೆ. ಹುಟ್ಟಿನಿಂದ ಕೇಳದ ಮಗುವಿಗೆ ಆಪರೇಷನ್ ಬೇಗ ಆದಷ್ಟೂ ಒಳ್ಳೆಯದು, 3 ವರ್ಷದೊಳಗಾದರೆ ಇನ್ನೂ ಚೆನ್ನ. ಕೇಳುವ ನರ ಗಟ್ಟಿ ಇರಬೇಕು. ಮೆದುಳು ಜ್ವರದಿಂದ (ಮೆನಿಂಜೈಟಿಸ್) ಕಿವುಡಾಗಿದ್ದರೆ ಒಳಕಿವಿಯ ಸುರುಳಿಯಾದ ಕಾಕ್ಲಿಯಾದೊಳಗೆ ಮೂಳೆ ಬೆಳೆದಿರಬಹುದು, ಆಗ ಇಂಪ್ಲಾಂಟಿನ ತಂತಿಯಾದ ಇಲೆಕ್ಟ್ರೋಡ್ ಪೂರ್ತಿ ಒಳಗೆ ಹೋಗುವುದೇ ಕಷ್ಟ. ದೊಡ್ಡವರಾದರೆ, ಎಷ್ಟು ವರ್ಷ ಕೇಳದೆ ಕಳೆದರು ಅನ್ನುವುದು ಮುಖ್ಯ.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗನಿಗೆ ಇದೆಲ್ಲ ಸರಿಯಾಗಿಯೇ ಇತ್ತು. 2 ವರ್ಷಕ್ಕೇ ಆಪರೇಷನ್, ಸ್ಕ್ಯಾನೂ ಚೆನ್ನಾಗಿತ್ತು. ಆದರೆ ಎಂಟು ತಿಂಗಳಾದರೂ ನಾನು ಬಾಯಿಗೆ ಕೈ ಅಡ್ಡ ಹಿಡಿದು 'ಶ್' ಅಂದರೆ ತಿರುಗುತ್ತಿರಲಿಲ್ಲ. ಮ್ಯಾಪಿಂಗ್, ಅಂದರೆ ಮಗುವಿಗೆ ತಕ್ಕಂತೆ ಸಾಧನದ ಸದ್ದು ಹೊಂದಿಸಿದ್ದು, ಸರಿಯಿಲ್ಲ ಅಂತ ಕಿವಿ ಪರೀಕ್ಷೆಯ ಆಡಿಯಾಲಜಿಸ್ಟ್ ಹತ್ತಿರ ಎರಡು ಸಲ ಕಳಿಸಿದೆ. ಮನೆಯಲ್ಲಿ ಮಾತಾಡಿಸುವುದಿಲ್ಲ ಅಂತ ಅವನ ಅಮ್ಮನಿಗೂ ಗದರಿದೆ. ಪಾಪ, ಸುಮ್ನೆ ಕೇಳಿಸಿಕೊಂಡರು.

ಎರಡನೇ ಸಲ ಆಡಿಯಾಲಜಿಸ್ಟ್ ಪ್ರೊಸೆಸರನ್ನು (ಸದ್ದು ಹಿಡಿದು ಒಳಗೆ ಕಳಿಸುವ, ಹೊರಗೆ ಹಾಕಿಕೊಳ್ಳುವ ಭಾಗ) ಕಂಪ್ಯೂಟರ್‌ಗೆ ಹಾಕಿ ಲೆಕ್ಕ ತೋರಿಸಿದರು. ಅವನು ಅದನ್ನು ಹಾಕಿಕೊಂಡಿದ್ದು ದಿನಕ್ಕೆ ಸರಾಸರಿ 3 ಗಂಟೆ. ಉಳಿದ ಹೊತ್ತು ಆ ಮಗುವಿಗೆ ಲೋಕವೇ ಸದ್ದಿಲ್ಲ.

ಜುಲೈ ತಿಂಗಳು, ಹೊರಗೆ ಮಳೆ. ಆವತ್ತು ಅಜ್ಜಿ ಜೊತೆಗೆ ಬಂದಿದ್ದರು. ಯಾಕೆ ತೆಗೀತೀರಿ ಅಂದೆ. "ಲಕ್ಷಗಟ್ಟಲೆ ದುಡ್ಡಿನ ಸಾಮಾನು ಮಾರಾಯ್ತಿ. ಮಳೇಲಿ ನೆಂದು ಹಾಳಾದ್ರೆ? ಬೀರುವಲ್ಲಿ ಭದ್ರವಾಗಿ ಇಡ್ತೀನಿ."

ಎಂಟು ತಿಂಗಳು ನಾನು ಆ ಮನೆಯ ಮಳೆಗಾಲದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ!

ಮಲೆನಾಡಿನ ತೇವ ಪ್ರೊಸೆಸರ್‌ಗೆ ನಿಜಕ್ಕೂ ಶತ್ರು. ಅಜ್ಜಿಯ ಭಯ ತಪ್ಪಲ್ಲ, ಬೀರು ತಪ್ಪು ಅಷ್ಟೆ. ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ರಾತ್ರಿ ಮಾತ್ರ ಇಡಿ, ಬೆಳಿಗ್ಗೆ ಎದ್ದ ಕೂಡಲೇ ಹಾಕಿ ಅಂದೆ. "ಒಲೆ ಹತ್ರ ಇಟ್ರೆ ಬೇಗ ಒಣಗಲ್ವಾ?" ಅಂದರು. ಬೇಡವೇ ಬೇಡ ಅಂದೆ. ಬಿಸಿಗೂ ಅದು ಹಾಳಾಗುತ್ತೆ ಅಲ್ವಾ.

ನವೆಂಬರ್‌ನಲ್ಲಿ ಲೆಕ್ಕ 10 ಗಂಟೆ ದಾಟಿತ್ತು. ಅಡಿಕೆ ಸುಲಿಯುತ್ತಾ ಅಜ್ಜಿ ದಿನವಿಡೀ ಅವನ ಹತ್ತಿರ ಹರಟುತ್ತಿದ್ದರಂತೆ. ನನ್ನ ವಾರದ 45 ನಿಮಿಷಕ್ಕಿಂತ ಅದು ಎಷ್ಟೋ ಜಾಸ್ತಿ. ಆಟದ ನಡುವೆ ಅವನ ತಲೆಯ ಕಾಯಿಲ್, ಅಂದರೆ ಪ್ರೊಸೆಸರ್‌ನ ಸದ್ದನ್ನು ಒಳಗೆ ದಾಟಿಸುವ ಬಿಲ್ಲೆ, ಕಳಚಿಬಿತ್ತು. ನಾನು ಏಳುವ ಮೊದಲೇ ಹುಡುಗ ಅದನ್ನು ಹೆಕ್ಕಿ, ತಡಕಾಡಿ, ಚರ್ಮದಡಿ ಮ್ಯಾಗ್ನೆಟ್ ಇದ್ದ ಕಡೆಗೆ ತಾನೇ ಅಂಟಿಸಿಕೊಂಡ.