ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇ 4,000 ಮೀಟರ್ ಉದ್ದವಿದೆ. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ವಿಮಾನ ಹಾರುವ ದೂರ ಸುಮಾರು 2.7 ಕಿಲೋಮೀಟರ್. ನಾನು ಹೊರಟ ಊರಿನ ರನ್‌ವೇಯೊಳಗೆ ಆ ಇಡೀ ಪ್ರಯಾಣವೇ ಅಡಗುತ್ತದೆ. 1967ರಿಂದ ನಡೆದುಬಂದಿರುವ, ಜಗತ್ತಿನಲ್ಲೇ ಅತಿ ಚಿಕ್ಕದೆನಿಸಿದ ಈ ವಿಮಾನಯಾನವನ್ನು ಒಮ್ಮೆ ಮಾಡಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು.

ಎಡಿನ್‌ಬರೋದಲ್ಲಿ ಮೂರು ದಿನ ಕಳೆದೆ. ಅದರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಓರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ನಲ್ಲಿ ಮಂಜು ಕವಿದು ಒಂದು ದಿನ ವಿಮಾನವೇ ಹಾರಲಿಲ್ಲ. ಮುಂದಕ್ಕೆ ಕಾದಿರಿಸಿದ್ದ ಕೋಣೆಯ ಹಣವೂ ಹೋಯಿತು. ಆ ಬೇಸರ ಇನ್ನೂ ಆರಿಲ್ಲ, ಅದಕ್ಕೇ ಹೇಳುತ್ತೇನೆ: ಅಲ್ಲಿಗೆ ಹೋಗುವವರು ಒಂದು ದಿನವನ್ನು ಮಂಜಿಗೂ ಗಾಳಿಗೂ ಬಿಟ್ಟುಕೊಡಿ, ಹಣ ಮರಳಿಸುವ ಕೋಣೆಯನ್ನೇ ಹಿಡಿಯಿರಿ.

ಮರುದಿನ ಆಕಾಶ ತಿಳಿಯಾಗಿತ್ತು. ಎರಡು ಪ್ರೊಪೆಲರ್‌ಗಳ ಪುಟ್ಟ ಐಲ್ಯಾಂಡರ್ ವಿಮಾನ. ಪೈಲಟ್ ಕೂತದ್ದು ಕೈಚಾಚಿದರೆ ಮುಟ್ಟುವಷ್ಟು ಹತ್ತಿರ. ವೆಸ್ಟ್ರೇಯಲ್ಲಿ ಇಬ್ಬರು ಇಳಿದರು. ಪಿಟೀಲಿನ ಪೆಟ್ಟಿಗೆ ಹಿಡಿದ ಒಬ್ಬ ಮಹಿಳೆ ಹತ್ತಿ ನನ್ನ ಪಕ್ಕ ಕೂತರು.

"ಎಲ್ಲಿಂದ ಬಂದಿರಿ?" ಎಂದು ಕೇಳಿದರು.

"ಭಾರತದಿಂದ. ಈ ಎರಡು ನಿಮಿಷಕ್ಕಾಗಿಯೇ ಬಂದೆ."

ಅವರು ನಗಲಿಲ್ಲ. "ದೋಣಿಯೂ ಇದೆ, ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ಆದರೆ ಅದರ ಹೊತ್ತಿಗೆ ಹೊಂದಿಕೊಂಡರೆ ನನ್ನ ಇಡೀ ದಿನ ಹೋಗುತ್ತದೆ. ಪಾಪಾ ವೆಸ್ಟ್ರೇಯ ಶಾಲೆಯಲ್ಲಿರುವುದು ಕೆಲವೇ ಮಕ್ಕಳು. ಈ ವಿಮಾನವಿಲ್ಲದಿದ್ದರೆ ಅವರಿಗೆ ಪಿಟೀಲು ಕಲಿಸುವವರು ಯಾರು?"

ನಾನು ದಾಖಲೆಯೊಂದನ್ನು ನೋಡಲು ಬಂದಿದ್ದೆ. ಆ ಮಾತು ಕೇಳಿದ ಮೇಲೆ ನನ್ನ ಕಣ್ಣು ಗಡಿಯಾರಕ್ಕಿಂತ ಆ ಪೆಟ್ಟಿಗೆಯ ಮೇಲೆಯೇ ನಿಂತಿತು. ಸುಮಾರು ತೊಂಬತ್ತು ಜನರ ದ್ವೀಪಕ್ಕೆ ವೈದ್ಯರೂ ಶಿಕ್ಷಕರೂ ಹೀಗೆಯೇ ಬಂದುಹೋಗುತ್ತಾರೆ. ನಮ್ಮ ಹಳ್ಳಿಯ ಶಾಲೆಗೆ ಮೇಷ್ಟ್ರು ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದುದು ನೆನಪಾಯಿತು. ಅದೇ ಬಸ್ಸು ಇಲ್ಲಿ ಸಮುದ್ರದ ಮೇಲೆ ಹಾರುತ್ತದೆ.

ನೆಲ ಬಿಟ್ಟೆವು. ಕೆಳಗೆ ಹಸಿರುನೀಲಿ ನೀರು, ಅಲೆಗಳ ನೊರೆ ಎಣಿಸುವಷ್ಟು ಹತ್ತಿರ. ವಿಮಾನ ಏರಿತೋ ಇಲ್ಲವೋ, ಇಳಿಯಲು ತೊಡಗಿತು. ನನ್ನ ಲೆಕ್ಕಕ್ಕೆ ಎರಡು ನಿಮಿಷವೂ ಆಗಲಿಲ್ಲ. ಗಾಳಿ ಕೂಡಿಬಂದಾಗ 53 ಸೆಕೆಂಡಿನಲ್ಲಿ ಮುಟ್ಟಿದ ದಾಖಲೆಯಿದೆ. ಅವರು ಕೈಬೀಸಿ, ಪೆಟ್ಟಿಗೆ ಎತ್ತಿಕೊಂಡು, ಶಾಲೆಯ ಕಡೆಗೆ ಬೇಗಬೇಗ ನಡೆದರು.

ನಾನು ಪಶ್ಚಿಮದ ದಡದ ನ್ಯಾಪ್ ಆಫ್ ಹೋವರ್‌ಗೆ ನಡೆದೆ. ಕ್ರಿಸ್ತಪೂರ್ವ 3700ರ ಸುಮಾರಿನ ಎರಡು ಕಲ್ಲುಮನೆಗಳು ಅಲ್ಲಿ ಅಕ್ಕಪಕ್ಕ ನಿಂತಿವೆ. ಉತ್ತರ ಯೂರೋಪಿನಲ್ಲಿ ಉಳಿದುಬಂದ ಅತ್ಯಂತ ಹಳೆಯ ಮನೆಗಳಲ್ಲಿ ಇವೂ ಸೇರಿವೆ. ಬಾಗಿಲು ಎಷ್ಟು ಗಿಡ್ಡವೆಂದರೆ ಬಾಗಿಯೇ ಒಳಗೆ ಹೋಗಬೇಕು. ಒಳಗೆ ಧಾನ್ಯ ಅರೆಯುವ ಕಲ್ಲು ಇನ್ನೂ ಇದೆ, ಉಜ್ಜಿ ಉಜ್ಜಿ ನಡುವೆ ಸವೆದಿದೆ. ತಿರುಗಿ ಬಾಗಿಲಲ್ಲಿ ಕೂತರೆ ಎದುರಿಗೇ ಸಮುದ್ರ, ಅದರಾಚೆ ನಾನು ಈಗಷ್ಟೇ ಬಿಟ್ಟುಬಂದ ವೆಸ್ಟ್ರೇ.